ಕಲೆಯೂ ಸ್ವಾತಂತ್ರ್ಯವೂ



‘ಅರಾಜಕ’ವೆಂಬ ಶಬ್ದವು ಕಿವಿಗೆ ಬಿದ್ದೊಡನೆ ಸುಲಿಗೆ ದೊಂಬಿಗಳು ಮನಸ್ಸಿಗೆ ಬರುವುವು. ಆದರೆ ಆ ತತ್ತ್ವವನ್ನು ಪ್ರತಿಪಾದಿಸಿದವರ ಆಶಯವು ಬೇರೆ. ರಷ್ಯಾದ ಕ್ರೊಪಾಟ್ಕಿನ್ನನು ೧೯೦೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜೀವಿಗಳ ಏಳಿಗೆಗೆ ಪರಸ್ಪರ ಸಹಾಯವೇ ಹಿರಿದಾದ ಆಧಾರವೆಂದು ವಾದಿಸಿದನು. ಇಂಗ್ಲೆಂಡಿನ ಹರ್ಬರ್ಟ್ ರೀಡ್ ಎಂಬ ವಿಮರ್ಶಕನು ೧೯೩೮ರಲ್ಲಿ ಕಾವ್ಯವನ್ನೂ ಅರಾಜಕವಾದವನ್ನೂ ಕುರಿತು ಬರೆದು, ಕಲೆಯು ಅಧಿಕಾರದ ಅಪ್ಪಣೆಗೆ ಒಳಗಾಗಬಾರದೆಂದು ಸಾರಿದನು.

ಅರಸನೂ ಬೇಡ, ಅಧಿಕಾರಿಯೂ ಬೇಡವೆಂದರೆ ಬಡ ಕಲಾವಿದನಿಗೆ ಅನ್ನವನ್ನಿಕ್ಕುವವರಾರು? ಈ ಪ್ರಶ್ನೆಗೆ ಹಾನಗಲ್ಲ ಸೀಮೆಯೇ ಉತ್ತರವನ್ನಿತ್ತಿದೆ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಜನಿಸಿದ ಬಾಲಕನೊಬ್ಬನು ಹುಟ್ಟುಗುರುಡನು. ಅವನ ಅಣ್ಣನೂ ಅಂತೆಯೆ. ಆ ಮಕ್ಕಳ ಕಂಠದ ಗುಣವನ್ನು ಅರಿತವರು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು (೧೮೬೭–೧೯೩೦). ಅವರ ಆಶ್ರಯದಲ್ಲಿ ಬೆಳೆದ ಆ ಬಾಲಕನೇ ಹಿಂದೂಸ್ತಾನಿ, ಕರ್ನಾಟಕ ಎರಡು ಪದ್ಧತಿಗಳಲ್ಲಿಯೂ ಪರಿಣತರಾದ ಪಂಚಾಕ್ಷರಿ ಗವಾಯಿಗಳಾದರು. ಅವರು ೧೯೪೪ರಲ್ಲಿ ಲಿಂಗೈಕ್ಯರಾಗುವವರೆಗೆ ಅಂಧರಿಗೂ ಅನಾಥರಿಗೂ ಸಂಗೀತವನ್ನು ಕಲಿಸಿದರು. ಆ ವಿದ್ಯಾದಾನಕ್ಕೆ ಆಧಾರವಾದುದು ರಾಜಾಸ್ಥಾನವಲ್ಲ, ಜೋಳಿಗೆ. ಹಿಡಿ ಜೋಳವನ್ನು ನೀಡಿದ ಒಕ್ಕಲಿಗನು ಇಂಥ ರಾಗವನ್ನೇ ಹಾಡಬೇಕೆಂದು ಕಟ್ಟುಮಾಡಲಿಲ್ಲ.

ಗುರುವಿನ ಶಾಸನವೂ ಅಧಿಕಾರವಲ್ಲವೆ ಎಂದು ಕೆಲವರು ಕೇಳಬಹುದು. ಒಲಿದು ಸ್ವೀಕರಿಸಿದ ಶಿಸ್ತು ಬಂಧನವಲ್ಲ. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು (೧೮೧೯–೧೮೮೯) ಮುಸಲ್ಮಾನರಾಗಿ ಜನಿಸಿಯೂ ಬ್ರಾಹ್ಮಣರಾದ ಗೋವಿಂದಭಟ್ಟರಿಗೆ ಶಿಷ್ಯರಾದರು. ಅವರ ಹಾಡು ಮಾತ್ರ ಅವರದೇ ಆಗಿ ಉಳಿಯಿತು. ಗವಾಯಿಗಳ ಶಿಷ್ಯರಲ್ಲಿ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅನೇಕ ವಾದ್ಯಗಳಲ್ಲಿಯೂ ಗ್ರಂಥರಚನೆಯಲ್ಲಿಯೂ ಹೆಸರಾದರು. ಬಸವರಾಜ ರಾಜಗುರುಗಳು ಖ್ಯಾಲದಿಂದ ವಚನಗಾಯನದವರೆಗೆ ತಮ್ಮದೇ ಹಾದಿಯನ್ನು ಹಿಡಿದರು. ಶಿಷ್ಯನು ಗುರುವಿನ ನೆರಳಾಗದೆ ಸ್ವಂತ ಕಂಠವನ್ನು ಪಡೆಯುವುದೇ ಶಿಕ್ಷಣದ ಸಾರ್ಥಕ್ಯವು.

ಪ್ರಜಾಪ್ರಭುತ್ವವು ನೆಲೆಗೊಂಡ ಮಾತ್ರಕ್ಕೆ ಅಪಾಯವು ತಪ್ಪಿತೆಂದು ತಿಳಿಯಲಾಗದು. ಅರಸನಿದ್ದ ಎಡೆಯಲ್ಲಿ ಇಂದು ಸರಕಾರದ ಅನುದಾನ, ಪೇಟೆಯ ಬೆಲೆ, ಬಹುಜನರ ಮೆಚ್ಚುಗೆ ಕುಳಿತಿರುವುವು. ಇವುಗಳ ನೆರವು ತಪ್ಪಲ್ಲ. ನೆರವು ಅಪ್ಪಣೆಯಾದಾಗ ತಪ್ಪು. ಮಠಗಳಿಗೂ ಈ ಮಾತು ಸಲ್ಲುವುದು. ಅನ್ನವನ್ನು ನೀಡಿದ ಕೈ ಬಾಯನ್ನು ಮುಚ್ಚಿದರೆ ಅದು ದಾಸೋಹವೆನಿಸದು.

ಆದುದರಿಂದ ಭಕ್ತರು ಕಲಾವಿದನನ್ನು ಸಾಕಲಿ, ಆಳದಿರಲಿ. ಜೋಳಿಗೆಯು ತುಂಬಿರಲಿ, ಕಂಠವು ಸ್ವತಂತ್ರವಾಗಿರಲಿ.