ಮನೆ ಮುಂದಿನ ರಸ್ತೆ ಯಾರದ್ದು? ನೋ ಪಾರ್ಕಿಂಗ್ ಬೋರ್ಡು ಮತ್ತು ಒಂದು ಬೀದಿಯ ಲೆಕ್ಕ

ಬಸ್ಸಲ್ಲಿ, ಮೆಟ್ರೋದಲ್ಲಿ, ಅಡುಗೆಮನೇಲಿ ಪಾತ್ರೆ ತೊಳೀತಾ, ಎಲ್ಲಿಂದ ಕೇಳ್ತಿದ್ರೂ ಸ್ವಾಗತ. ಕಾರಲ್ಲಿ ಕೂತು ಕೇಳ್ತಿರೋರಿಗೆ ಇವತ್ತು ಸ್ವಲ್ಪ ಜಾಸ್ತಿನೇ ಸ್ವಾಗತ. ಯಾಕಂದ್ರೆ ಆ ಕಾರನ್ನ ನೀವು ರಾತ್ರಿ ಎಲ್ಲಿ ನಿಲ್ಲಿಸ್ತೀರಿ ಅನ್ನೋದೇ ಇವತ್ತಿನ ವಿಷಯ.

ಮೊದಲೇ ಹೇಳಿಬಿಡ್ತೀನಿ, ನನ್ನ ಹತ್ರ ಕಾರಿಲ್ಲ. ಒಂದು ಸ್ಕೂಟರ್ ಇದೆ, ಅದು ಗೇಟ್ ಒಳಗೇ ನಿಲ್ಲುತ್ತೆ. ಹಾಗಾಗಿ ಈ ಜಗಳದಲ್ಲಿ ನನಗೆ ಕಳ್ಕೊಳ್ಳೋಕೆ ಅಂಥದ್ದೇನೂ ಇಲ್ಲ. ಆದ್ರೆ ನಾನು ಬಿ.ಕಾಂ ಓದಿದೋಳು. ಎರಡು ಗುಂಪು ಜೋರಾಗಿ ಮಾತಾಡ್ತಾ, ಇಬ್ಬರ ಹತ್ರಾನೂ ಒಂದು ಸಂಖ್ಯೆನೂ ಇಲ್ಲ ಅಂದ್ರೆ ನನಗೆ ಕೈ ಕಡಿಯುತ್ತೆ.

ವಿಷಯ ಏನಂದ್ರೆ, ದಕ್ಷಿಣ ಬೆಂಗಳೂರಿನ ನಮ್ಮ ಬೀದಿಯಲ್ಲಿ ಒಂದು ಬೆಳಿಗ್ಗೆ ಬೋರ್ಡ್ ಬಂತು. ರಸ್ತೆಯ ಒಂದು ಬದಿಯಲ್ಲಿ ನೋ ಪಾರ್ಕಿಂಗ್. ದಿನದ 24 ಗಂಟೆನೂ. ಭಾನುವಾರ ಪಾರ್ಕಲ್ಲಿ ನಿವಾಸಿಗಳ ಮೀಟಿಂಗ್ ಆಯ್ತು, ಆಕ್ಷೇಪಣೆ ಪತ್ರಕ್ಕೆ ಸಹಿ ಹಾಕಿಸಿದ್ರು. ಪತ್ರದ ಸಾರ ಒಂದೇ ಪದ: ಬೇಡ.

ಯಾರು ಏನಂದ್ರು ಅಂತ ಹೇಳ್ತೀನಿ, ಎಲ್ಲದರಲ್ಲೂ ಒಂದೊಂದು ಸತ್ಯ ಇದೆ. ಮೂಲೆ ಮನೆ ಅಂಕಲ್ ಅಂದ್ರು, "ಮೂವತ್ತು ವರ್ಷದಿಂದ ಇಲ್ಲೇ ಇದೀವಿ. ನಮ್ಮನೆ ಮುಂದೆ ನಮ್ಮ ಗಾಡಿ ನಿಲ್ಲಿಸೋಕೆ ಯಾರಪ್ಪಣೆ ಬೇಕಮ್ಮ?" ಎದುರು ಮನೆ ಆಂಟಿ, "ನಮ್ಮ ಯಜಮಾನರನ್ನ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕು. ಕ್ಯಾಬ್ ಗೇಟ್ ಹತ್ರ ಬರದೇ ಇದ್ರೆ ನಾನೇನು ಹೊತ್ಕೊಂಡು ಹೋಗ್ಲಾ?" ಬಾಡಿಗೆಗಿರೋ ಹುಡುಗ, "ಪಾರ್ಕಿಂಗ್ ರೋಡಲ್ಲೇ ಮಾಡ್ಕೊಳ್ಳಿ ಅಂತ ಓನರ್ ಹೇಳಿದ್ಮೇಲೇ ಮನೆ ತಗೊಂಡಿದ್ದು." ಇನ್ನೊಬ್ಬರು, "ಇಷ್ಟೊಂದು ರೋಡ್ ಟ್ಯಾಕ್ಸ್ ಕಟ್ಟಿದೀವಲ್ಲ, ಅದು ಯಾತಕ್ಕೆ?"

ಆಂಟಿ ವಿಷಯ ಮೊದಲು ಮುಗಿಸ್ತೀನಿ, ಅದು ಸುಲಭ. ನೀಲಿ ವೃತ್ತ, ಕೆಂಪು ಅಂಚು, ಅದರ ಮೇಲೆ ಒಂದೇ ಅಡ್ಡಗೆರೆ ಇದ್ರೆ ನೋ ಪಾರ್ಕಿಂಗ್. ಜನರನ್ನ ಹತ್ತಿಸ್ಕೊಂಡು, ಇಳಿಸಿ ಹೋಗೋದಕ್ಕೆ ಅದು ಅಡ್ಡಿ ಅಲ್ಲ. ಎರಡು ಗೆರೆ ಕತ್ತರಿ ಥರ ಇದ್ರೆ ಮಾತ್ರ ನಿಲ್ಲಿಸಲೇಬಾರದು ಅಂತ. ನಮ್ಮ ಬೋರ್ಡಲ್ಲಿ ಇರೋದು ಒಂದು ಗೆರೆ. ಹಾಗಾಗಿ ಕ್ಯಾಬ್ ಗೇಟ್ ಹತ್ರ ಬರಬಹುದು. ನಿಜ ಹೇಳ್ಬೇಕಂದ್ರೆ ಈಗ ಕ್ಯಾಬ್ ಬರದೇ ಇರೋದಕ್ಕೆ ಕಾರಣ ಬೋರ್ಡ್ ಅಲ್ಲ, ಅವರ ಗೇಟಿಗೆ ಅಂಟ್ಕೊಂಡು ನಿಂತಿರೋ ಬೇರೆಯವರ ಕಾರು.

ಈಗ ರೋಡ್ ಟ್ಯಾಕ್ಸ್. ಈ ಸಿಟ್ಟಲ್ಲಿ ಅರ್ಥ ಇದೆ. ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ದೇಶದಲ್ಲೇ ದುಬಾರಿ ಸಾಲಿಗೆ ಸೇರುತ್ತೆ. ಎಂಟು ಲಕ್ಷದ ಕಾರಿಗೆ 14 ಪರ್ಸೆಂಟ್ ಅಂದ್ರೆ 1,12,000 ರೂಪಾಯಿ. ಕೈಗೆ ಬಿಸಿ ತಟ್ಟೋ ದುಡ್ಡೇ. ಆದ್ರೆ ಅದು ಹೋಗೋದು ರಾಜ್ಯ ಸರ್ಕಾರದ ಖಜಾನೆಗೆ. ಬೀದಿಗೆ ಟಾರು ಹಾಕೋದು, ಚರಂಡಿ ಮಾಡಿಸೋದು ಪಾಲಿಕೆ, ಅದರ ದೊಡ್ಡ ಆದಾಯ ಆಸ್ತಿ ತೆರಿಗೆ. ಆ ಆಸ್ತಿ ತೆರಿಗೆಯನ್ನ ಕಾರೇ ಇಲ್ಲದ ಮನೆಯವರೂ ಕಟ್ತಾರೆ, ಬಾಡಿಗೆಯವರು ಬಾಡಿಗೆಯ ರೂಪದಲ್ಲಿ ಕಟ್ತಾರೆ. ಅಂದ್ರೆ ಟ್ಯಾಕ್ಸ್ ಕಟ್ಟಿದೀವಿ ಅನ್ನೋ ವಾದದ ಮೇಲೇ ಜಾಗ ಹಂಚೋದಾದ್ರೆ ಕಾರಿಲ್ಲದೋರಿಗೂ ರಸ್ತೆಯಲ್ಲಿ ಒಂದು ಪಾಲು ಬರುತ್ತೆ. ಅದರಲ್ಲಿ ಅವರು ಏನು ಬೇಕಾದ್ರೂ ಇಡಬಹುದಾ? ಮಂಚ ಹಾಕ್ಕೊಂಡು ಮಲಗಬಹುದಾ? ಇಲ್ಲ ಅಲ್ವಾ?

ಸರಿ, ಸಂಖ್ಯೆಗೆ ಬರೋಣ. ನಮ್ಮ ಬೀದಿ ಕಾಗದದಲ್ಲಿ 30 ಅಡಿ. ಎರಡೂ ಕಡೆ ಚರಂಡಿ, ಫುಟ್‌ಪಾತ್ ಕಳೆದ್ರೆ ಟಾರು ಸುಮಾರು 20 ಅಡಿ. ಒಂದು ಕಾರಿನ ಅಗಲ ಹತ್ರ ಹತ್ರ ಆರು ಅಡಿ. ಎರಡೂ ಬದಿ ನಿಲ್ಲಿಸಿದ್ರೆ 12 ಅಡಿ ಹೋಯ್ತು, ಉಳಿದದ್ದು ಎಂಟು. ಅಗ್ನಿಶಾಮಕ ದಳದ ದೊಡ್ಡ ಗಾಡಿಯ ಅಗಲ ಎರಡೂವರೆ ಮೀಟರ್, ಅಂದ್ರೆ ಎಂಟಡಿ ಚಿಲ್ಲರೆ. ಕನ್ನಡಿ ಬೇರೆ. ಅರ್ಥ ಆಯ್ತಲ್ಲ? ಯಾರದ್ದಾದ್ರೂ ಮನೇಲಿ ರಾತ್ರಿ ಸಿಲಿಂಡರ್ ಹೊತ್ಕೊಂಡ್ರೆ ಫೈರ್ ಎಂಜಿನ್ ಕ್ರಾಸಲ್ಲೇ ನಿಲ್ಲುತ್ತೆ. ಒಂದು ಬದಿ ಮಾತ್ರ ನಿಲ್ಲಿಸಿದ್ರೆ 14 ಅಡಿ ಸಿಗುತ್ತೆ, ಒಳಗೆ ಬರುತ್ತೆ. ಹಾಗಾಗಿ ಬೋರ್ಡ್ ಹಾಕಿದೋರು ಸುಮ್ಮನೆ ಹಾಕಿಲ್ಲ.

ಇನ್ನೊಂದು ಲೆಕ್ಕ. ನಮ್ಮಲ್ಲಿ ಹೆಚ್ಚಿನವು 30-40 ಸೈಟು. ರಸ್ತೆ ಕಡೆ 30 ಅಡಿ. ಅದರಲ್ಲಿ ಗೇಟಿಗೆ 10 ಅಡಿ ಬಿಟ್ರೆ 20 ಅಡಿ. ಅಲ್ಲಿಗೆ ಒಂದು ಸೈಟಿನ ಮುಂದೆ ಒಂದೇ ಕಾರು. ಆ ಸೈಟಿನ ಮೇಲೆ ಎಷ್ಟು ಮನೆ? ನಮ್ಮ ಬೀದಿಯಲ್ಲಿ ಮೂರು, ನಾಲ್ಕು. ಅಂದ್ರೆ ಬೋರ್ಡ್ ಬರೋಕೆ ಮುಂಚೆನೂ ಎಲ್ಲರಿಗೂ ಸಾಕಾಗುವಷ್ಟು ಜಾಗ ಇರಲೇ ಇಲ್ಲ. ಇಲ್ಲದ ಜಾಗವನ್ನ ನಾವು ಹೇಗೋ ಹಂಚ್ಕೊಂಡಿದ್ವಿ. ಹೇಗೆ? ಹೂಕುಂಡ ಇಟ್ಟು. ಸೈಜುಗಲ್ಲು ಇಟ್ಟು. ಹಳೇ ಟೈರ್ ಇಟ್ಟು. ಗೇಟಿಗೆ "ನೋ ಪಾರ್ಕಿಂಗ್, ಟೈರ್ ಪಂಕ್ಚರ್ ಮಾಡಲಾಗುವುದು" ಅಂತ ತಗಡು ನೇತಾಕಿ. ಮೋಟಾರು ವಾಹನ ಕಾಯ್ದೆಯ 116ನೇ ಸೆಕ್ಷನ್ ಪ್ರಕಾರ ಸಂಚಾರ ಫಲಕ ಹಾಕೋ ಅಧಿಕಾರ ಇರೋದು ಸರ್ಕಾರಕ್ಕೆ, ಅದು ಒಪ್ಪಿಸಿದ ಪ್ರಾಧಿಕಾರಕ್ಕೆ. ನಮ್ಮ ತಗಡಿಗೆ ಬೆಲೆ ಇಲ್ಲ. ತಮಾಷೆ ನೋಡಿ, ಸರ್ಕಾರದ ನೋ ಪಾರ್ಕಿಂಗ್ ಬೋರ್ಡ್ ಬೇಡ ಅಂತ ಸಹಿ ಹಾಕಿದ ಎಷ್ಟೋ ಮನೆಗಳ ಗೇಟಲ್ಲಿ ಸ್ವಂತ ನೋ ಪಾರ್ಕಿಂಗ್ ಬೋರ್ಡ್ ಇದೆ!

ನನ್ನ ಮಾತು ಇಷ್ಟೇ. ಬೇಡ ಅಂತ ಬರೆದ ಪತ್ರ ಪಾರ್ಕಿಂಗನ್ನ ಉಳಿಸಲ್ಲ, ಹೂಕುಂಡದ ಕಾನೂನನ್ನ ಉಳಿಸುತ್ತೆ. ಆ ಕಾನೂನಲ್ಲಿ ಯಾವಾಗಲೂ ಗೆಲ್ಲೋದು ಮೊದಲು ಬಂದೋರು, ಸ್ವಂತ ಮನೆ ಇರೋರು, ದನಿ ದೊಡ್ಡದಿರೋರು.

ಸೋಲೋರು ಯಾರು ಅಂತ ನೋಡಿ. ಅವತ್ತು ಮೀಟಿಂಗಿಗೆ ಬರದೇ ಇದ್ದೋರು. ಹಿಂದಿನ ವಠಾರದಲ್ಲಿ ಇಬ್ಬರು ಆಟೋ ಓಡಿಸೋರಿದ್ದಾರೆ. ಭಾನುವಾರ ಬೆಳಿಗ್ಗೆ ಅವರಿಗೆ ಬಾಡಿಗೆ ಸಿಗೋ ಹೊತ್ತು, ಬರೋಕಾಗಲ್ಲ. ರಾತ್ರಿ ಆಟೋ ಇಡೋಕೆ ಅವರಿಗೆ ಇರೋದು ಈ ರಸ್ತೆ ಒಂದೇ. ಅದು ಅವರ ಪಾಲಿಗೆ ವಾಹನ ಅಲ್ಲ, ಅಂಗಡಿ. ಮನೆಗೆಲಸಕ್ಕೆ ಬರೋ ಅಕ್ಕಂದಿರೂ ಮೀಟಿಂಗಲ್ಲಿ ಇರಲಿಲ್ಲ. ಅವರು ಬೆಳಿಗ್ಗೆ ಆರಕ್ಕೆ ರಸ್ತೆ ಮಧ್ಯದಲ್ಲಿ ನಡ್ಕೊಂಡು ಬರ್ತಾರೆ, ಯಾಕಂದ್ರೆ ಫುಟ್‌ಪಾತ್ ಮೇಲೆ ಕಾರಿದೆ.

ಹಾಗಂತ ಬೋರ್ಡ್ ಪೂರ್ತಿ ಸರಿ ಅಂತಾನೂ ನಾನು ಹೇಳಲ್ಲ. ನಾವು ಮೂರು ಜನ ಸೇರಿ ಒಂದು ಕೆಲಸ ಮಾಡಿದ್ವಿ. ಒಂದು ಕ್ರಾಸಿಂದ ಇನ್ನೊಂದು ಕ್ರಾಸಿನವರೆಗೆ, ಒಂದೊಂದು ಬದಿಗೆ ಹತ್ತು ಸೈಟು, ನಡ್ಕೊಂಡು ಹೋಗಿ ಎಣಿಸಿದ್ವಿ. ರಾತ್ರಿ 11ಕ್ಕೆ 26 ಕಾರು. ಹೆಚ್ಚುಕಮ್ಮಿ ಎಲ್ಲವೂ ನಮ್ಮ ಬೀದಿಯವರದ್ದೇ. ಮಾರನೇ ದಿನ ಬೆಳಿಗ್ಗೆ 11ಕ್ಕೆ 19 ಕಾರು, ಅದರಲ್ಲಿ 13 ನಮ್ಮವರದ್ದಲ್ಲ. ಮೇನ್ ರೋಡಲ್ಲಿ ಪಾರ್ಕಿಂಗ್ ನಿಲ್ಲಿಸಿದ ಮೇಲೆ ಅಂಗಡಿಗೆ, ಕ್ಲಿನಿಕ್‌ಗೆ ಬರೋರು ಒಳಗಿನ ಕ್ರಾಸಿಗೆ ಬರ್ತಿದ್ದಾರೆ. ಮೇನಲ್ಲಿ ಬೋರ್ಡು, ಕ್ರಾಸಲ್ಲಿ ಕಾರು. ಅಂದ್ರೆ ಹಗಲಿನ ಸಮಸ್ಯೆ ಬೇರೆ, ರಾತ್ರಿ ಸಮಸ್ಯೆ ಬೇರೆ. 24 ಗಂಟೆಯ ಬೋರ್ಡ್ ಎರಡಕ್ಕೂ ಒಂದೇ ಮಾತ್ರೆ ಕೊಡುತ್ತೆ.

ಇನ್ನೊಂದು ಎಣಿಕೆ ಸ್ವಲ್ಪ ಮುಜುಗರದ್ದು. ಇಪ್ಪತ್ತು ಕಟ್ಟಡಗಳಲ್ಲಿ ಆರರ ಕೆಳಗಿನ ಪಾರ್ಕಿಂಗ್ ಜಾಗ ಈಗ ಅಂಗಡಿ, ಇಲ್ಲ ಬಾಡಿಗೆ ರೂಮು. ಬೈಲಾ ಪ್ರಕಾರ ಗಾಡಿಗೆ ಬಿಟ್ಟ ಜಾಗದಲ್ಲಿ ಬಾಡಿಗೆ ಬರ್ತಿದೆ, ಗಾಡಿ ರಸ್ತೆಗೆ ಬಂದಿದೆ. ಲಾಭ ಮನೆಯದ್ದು, ಖರ್ಚು ಬೀದಿಯದ್ದು. ಒಂದು ಕಾರು ನಿಲ್ಲಿಸೋಕೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಸುಮಾರು 135 ಚದರಡಿ. ಚದರಡಿಗೆ 20 ರೂಪಾಯಿ ಬಾಡಿಗೆ ಅಂತ ಇಟ್ಕೊಂಡ್ರೂ ತಿಂಗಳಿಗೆ 2,700 ರೂಪಾಯಿ. ನಿಮ್ಮ ಏರಿಯಾ ರೇಟ್ ಹಾಕಿ ನೀವೇ ಗುಣಿಸಿ ನೋಡಿ. ರಸ್ತೆಯಲ್ಲಿ ಅದೇ ಜಾಗ ಪುಕ್ಕಟೆ.

ಇದಕ್ಕೆ ದುಡ್ಡು ಕೇಳೋ ಯೋಚನೆ ನಮ್ಮೂರಲ್ಲಿ ಈಗಾಗಲೇ ಆಗಿದೆ. ನಗರ ಭೂಸಾರಿಗೆ ನಿರ್ದೇಶನಾಲಯ ಮಾಡಿದ ಪಾರ್ಕಿಂಗ್ ನೀತಿ 2.0 ಸುದ್ದಿಯಾಗಿದ್ದು 2021ರಲ್ಲಿ. ಮನೆ ಮುಂದೆ ರಸ್ತೆಯಲ್ಲಿ ನಿಲ್ಲಿಸೋಕೆ ಪರ್ಮಿಟ್, ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000. ಆಗ ಎಷ್ಟು ಗಲಾಟೆ ಆಯ್ತು ಅಂತ ನೆನಪಿರಬಹುದು. ಲೆಕ್ಕ ಹಾಕಿದ್ರೆ 5,000 ಅಂದ್ರೆ ದಿನಕ್ಕೆ 14 ರೂಪಾಯಿನೂ ಇಲ್ಲ, ದರ್ಶಿನಿಯಲ್ಲಿ ಒಂದು ಕಾಫಿಗೆ ಸಾಲಲ್ಲ. ಆದ್ರೂ ನಮ್ಮ ಬೀದಿಗಳಲ್ಲಿ ಪರ್ಮಿಟ್ ಅಂಟಿಸಿದ ಕಾರು ನಾನು ಇವತ್ತಿನವರೆಗೂ ನೋಡಿಲ್ಲ. ದರಕ್ಕಿಂತ ನನಗೆ ಮುಖ್ಯ ಅನ್ಸೋದು ಎರಡು ಪ್ರಶ್ನೆ. ವಠಾರದ ಆಟೋದವರಿಗೆ ಏನು ರಿಯಾಯಿತಿ? ಬಂದ ದುಡ್ಡು ಅದೇ ಬೀದಿಯ ಫುಟ್‌ಪಾತಿಗೆ ವಾಪಸ್ ಬರುತ್ತಾ? ಅಮೆರಿಕದಲ್ಲಿ ಜೀವನವಿಡೀ ಪಾರ್ಕಿಂಗ್ ಬಗ್ಗೆನೇ ಅಧ್ಯಯನ ಮಾಡಿದ ಡೊನಾಲ್ಡ್ ಶೂಪ್ ಅಂತ ಪ್ರೊಫೆಸರ್ ಇದ್ರು, 2025ರಲ್ಲಿ ತೀರ್ಕೊಂಡ್ರು. ಪಾರ್ಕಿಂಗ್ ದುಡ್ಡನ್ನ ಅದೇ ಬೀದಿಗೆ ಖರ್ಚು ಮಾಡಿದ್ರೆ ಮಾತ್ರ ಜನ ಒಪ್ತಾರೆ ಅನ್ನೋದು ಅವರ ಮುಖ್ಯ ಮಾತುಗಳಲ್ಲಿ ಒಂದು. ನಮ್ಮ ಅಂಕಲ್ ಕೂಡ ಕೊನೆಗೆ ಕೇಳಿದ್ದು ಅದನ್ನೇ: "ದುಡ್ಡು ಕೊಡೋಣಮ್ಮ, ಚರಂಡಿ ಚಪ್ಪಡಿ ಹಾಕಿಸ್ತಾರಾ?"

ಹಾಗಾದ್ರೆ ಆಕ್ಷೇಪಣೆ ಹೇಗೆ ಬರೀಬೇಕು? ಯಾರಿಗೆ ಬರೀಬೇಕು ಅನ್ನೋದೇ ಮೊದಲ ಕಷ್ಟ. ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆಯ್ತು. ಹಾಗಾಗಿ ಎರಡು ಪ್ರತಿ ಮಾಡಿ, ಒಂದು ನಿಮ್ಮ ಸಂಚಾರ ಪೊಲೀಸ್ ಠಾಣೆಗೆ, ಒಂದು ಪಾಲಿಕೆಗೆ. ಎರಡಕ್ಕೂ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.

ಬೋರ್ಡಿನ ಹಿಂದಿರೋ ಆದೇಶದ ಪ್ರತಿ ಕೇಳಿ. ಕೊಡದಿದ್ರೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಕಷ್ಟಸುಖ ಎಲ್ಲ ಅದರಲ್ಲಿ ತುಂಬಬೇಡಿ.

ಪತ್ರದಲ್ಲಿ ಎಣಿಕೆ ಕೊಡಿ. ಹಗಲಿಗೆ ಒಂದು, ರಾತ್ರಿಗೆ ಒಂದು. ಆಮೇಲೆ ಬೇಡ ಅನ್ನೋ ಬದಲು ಹೀಗೆ ಮಾಡಿ ಅಂತ ಬರೀರಿ. ನಮ್ಮ ಎರಡನೇ ಪತ್ರದಲ್ಲಿ ನಾವು ಕೇಳಿದ್ದು ನಾಲ್ಕು. ಒಂದು ಬದಿ ಪೂರ್ತಿ ಖಾಲಿ ಇರಲಿ, ಆದ್ರೆ ಯಾವಾಗಲೂ ಒಂದೇ ಸಾಲಿನ ಮನೆಯವರಿಗೆ ಹೊರೆ ಆಗದ ಹಾಗೆ ಸಮ ದಿನ, ಬೆಸ ದಿನ ಬದಲಾಗಲಿ. ಹಗಲಲ್ಲಿ ಹೊರಗಿನವರಿಗೆ ಸಮಯದ ಮಿತಿ ಇರಲಿ. ಆಟೋ ಮತ್ತು ಗೂಡ್ಸ್ ಗಾಡಿಗೆ ರಾತ್ರಿ ಜಾಗ ಗುರುತಿಸಲಿ. ಮುಚ್ಚಿಹೋದ ಕಟ್ಟಡದ ಪಾರ್ಕಿಂಗ್ ಮೊದಲು ತೆರೆಸಲಿ. ನಾಲ್ಕನೆಯದಕ್ಕೆ ಆರು ಮನೆಯವರು ಸಹಿ ಹಾಕಲಿಲ್ಲ. ಯಾವ ಆರು ಅಂತ ನಿಮಗೆ ಗೊತ್ತಾಯ್ತು ಬಿಡಿ.

ಒಂದು ಎಚ್ಚರಿಕೆನೂ ಇದೆ. 2017ರ ವಾಹನ ಚಾಲನಾ ನಿಯಮಗಳ ಪ್ರಕಾರ ಜಂಕ್ಷನ್‌ನಿಂದ 50 ಮೀಟರ್ ಒಳಗೆ ಪಾರ್ಕ್ ಮಾಡೋ ಹಾಗಿಲ್ಲ. ನಮ್ಮ ಕ್ರಾಸಿಂದ ಕ್ರಾಸಿಗೆ 300 ಅಡಿ, ಸುಮಾರು 90 ಮೀಟರ್. ಎರಡೂ ತುದಿಯಿಂದ 50 ಬಿಟ್ರೆ ಇಡೀ ಬೀದಿಯಲ್ಲಿ ಒಂದು ಕಾರೂ ನಿಲ್ಲಂಗಿಲ್ಲ! ನಿಯಮವನ್ನ ಅಕ್ಷರಶಃ ಜಾರಿ ಮಾಡಿ ಅಂತ ಇಬ್ಬರೂ ಹಠ ಹಿಡಿದ್ರೆ ನಿವಾಸಿಗಳಿಗೇ ನಷ್ಟ. ಮಾತಾಡಿ ಹಂಚ್ಕೊಳ್ಳೋದ್ರಲ್ಲೇ ನಮಗೆ ಲಾಭ ಇದೆ.

ಪತ್ರ ಕೊಟ್ಟಿದೀವಿ, ಸೀಲ್ ಬಿದ್ದಿದೆ, ಉತ್ತರ ಬಂದಿಲ್ಲ. ಬಂದಾಗ ಹೇಳ್ತೀನಿ. ಅಲ್ಲಿವರೆಗೆ ನಿಮಗೊಂದು ಹೋಮ್‌ವರ್ಕ್. ಇವತ್ತು ರಾತ್ರಿ ಊಟ ಆದ್ಮೇಲೆ ಹತ್ತು ನಿಮಿಷ ನಿಮ್ಮ ಬೀದಿಯಲ್ಲಿ ನಡೀರಿ. ಎಷ್ಟು ಕಾರು, ಎಷ್ಟು ಆಟೋ, ಎಷ್ಟು ಹೂಕುಂಡ, ನಡುವೆ ಎಷ್ಟು ಅಡಿ ಉಳಿದಿದೆ ಅಂತ ಎಣಿಸಿ, ವಾಯ್ಸ್ ನೋಟ್ ಕಳಿಸಿ. ಬೀದಿ ಹೆಸರು ಬೇಡ, ಸಂಖ್ಯೆ ಸಾಕು. ಮುಂದಿನ ವಾರ ಸಿಗೋಣ.