ಗಣಿತದ ಮನೆಪಾಠ



ಗಣಿತದ ಮನೆಪಾಠ ಹೇಳುವವರು ಸರಿಯಾದ ಉತ್ತರವನ್ನು ತೋರಿಸಿಕೊಡುವುದೇ ತಮ್ಮ ಕೆಲಸವೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ವಿದ್ಯಾರ್ಥಿಯ ತಪ್ಪು ಉತ್ತರವನ್ನು ಕಿವಿಗೊಟ್ಟು ಕೇಳುವುದು ಅದಕ್ಕಿಂತ ಮೊದಲಿನ ಕೆಲಸವೆಂದು ಈ ಹೊತ್ತು ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ. ಇದಕ್ಕೆ ಬೇಕಾದ ಉದಾಹರಣೆಗಳನ್ನು ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಿಂದ ಆರಿಸಿಕೊಳ್ಳುತ್ತೇನೆ. ಅಲ್ಲಿನ ಎಷ್ಟೋ ಮಕ್ಕಳು ಮನೆಯಲ್ಲಿ ಆಡುವುದು ಕುಂದಗನ್ನಡ. ಪುಸ್ತಕದಲ್ಲಿ ಓದುವುದು ಚರಾಕ್ಷರ, ಮಧ್ಯಾಂಕ, ಸಂಭವನೀಯತೆ ಎಂಬ ದೊಡ್ಡ ಮಾತುಗಳನ್ನು. ಈ ದಡದಿಂದ ಆ ದಡಕ್ಕೆ ದಾಟಿಸುವ ದೋಣಿಯೇ ಮನೆಪಾಠ.

ಬೀಜಗಣಿತದ ಬಾಗಿಲಲ್ಲಿಯೇ ಮಕ್ಕಳು ಎಡವುವುದುಂಟು. 3ಕ್ಷಕ್ಕೆ 4ನ್ನು ಕೂಡಿಸೆಂದರೆ 7ಕ್ಷ ಎಂದು ಬರೆಯುವವರು ಅನೇಕರು. ಇದು ದಡ್ಡತನವಲ್ಲ. ಕೂಡಿಸಿದ ಮೇಲೆ ಒಂದೇ ಸಂಖ್ಯೆ ಉಳಿಯಬೇಕೆಂದು ಅಂಕಗಣಿತವು ಆ ಮಗುವಿಗೆ ವರ್ಷಗಟ್ಟಲೆ ಕಲಿಸಿದೆ. ಗುರುವಾದವನು ಅವನನ್ನು ಬ್ರಹ್ಮಾವರದ ಸಂತೆಗೆ ಕರೆದೊಯ್ಯಲಿ. ಒಂದು ತೆಂಗಿನಕಾಯಿಯ ಬೆಲೆ ಕ್ಷ ರೂಪಾಯಿ. ಮೂರು ಕಾಯಿಗಳ ಜೊತೆಗೆ 4 ರೂಪಾಯಿಯ ಒಂದು ಬಾಳೆಯೆಲೆ. ಕಾಯಿಗೆ 30 ರೂಪಾಯಿಯಾದರೆ ಕೊಡಬೇಕಾದದ್ದು 94. 7ಕ್ಷ ಎಂದವನು 210 ರೂಪಾಯಿ ತೆರಬೇಕಾದೀತು! ಕ್ಷ ಎಂಬುದು ಕಾಯಿಯಲ್ಲ, ಕಾಯಿಯ ಬೆಲೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಸಂಖ್ಯಾಶಾಸ್ತ್ರಕ್ಕೆ ಗಂಗೊಳ್ಳಿಯ ಬಂದರು ಒಳ್ಳೆಯ ಪಾಠಶಾಲೆ. ಏಳು ದೋಣಿಗಳು ಕ್ರಮವಾಗಿ 6, 7, 8, 9, 10, 11 ಮತ್ತು 75 ಬುಟ್ಟಿ ಬಂಗುಡೆ ತಂದುವೆಂದು ಭಾವಿಸೋಣ. ಸರಾಸರಿ 18 ಬುಟ್ಟಿ. ಆದರೆ ಏಳರಲ್ಲಿ ಆರು ದೋಣಿಗಳಿಗೆ ಅಷ್ಟು ಮೀನು ಸಿಕ್ಕಿಯೇ ಇಲ್ಲ! ನಡುವಿನ ಸಂಖ್ಯೆಯಾದ 9, ಅಂದರೆ ಮಧ್ಯಾಂಕ, ಬಡ ದೋಣಿಯವನ ಸ್ಥಿತಿಯನ್ನು ಹೆಚ್ಚು ನಿಜವಾಗಿ ಹೇಳುತ್ತದೆ. ‘ಲೆಕ್ಕ ಸರಿಯಾಗಿದೆ, ಮಾತು ಸರಿಯಿಲ್ಲ’ ಎಂದು ಮಗು ಹೇಳಿತೆಂದರೆ ಅದಕ್ಕೆ ಸಂಖ್ಯಾಶಾಸ್ತ್ರ ಅರ್ಥವಾಯಿತೆಂದು ತಿಳಿಯಬಹುದು.

ಸಂಭವನೀಯತೆಯಲ್ಲಿ ತಪ್ಪು ಇನ್ನೂ ಸೂಕ್ಷ್ಮವಾದುದು. ಎರಡು ನಾಣ್ಯಗಳನ್ನು ಚಿಮ್ಮಿದರೆ ಎರಡೂ ಶಿರ, ಎರಡೂ ಪುಚ್ಛ, ಒಂದೊಂದು ಎಂದು ಮೂರೇ ಬಗೆ. ಆದ್ದರಿಂದ ಪ್ರತಿಯೊಂದಕ್ಕೂ ಮೂರರಲ್ಲಿ ಒಂದು ಪಾಲು ಎಂದು ವಿದ್ಯಾರ್ಥಿ ವಾದಿಸುತ್ತಾನೆ. ನಗಬೇಡಿ! ಎರಡು ಸಲ ಚಿಮ್ಮುವಲ್ಲಿ ಒಮ್ಮೆಯಾದರೂ ಶಿರ ಬೀಳುವ ಸಂಭವವು ಮೂರರಲ್ಲಿ ಎರಡು ಎಂದು ಫ್ರಾನ್ಸಿನ ಗಣಿತಜ್ಞ ದಲಂಬೇರ್ 1754ರಲ್ಲಿ ವಿಶ್ವಕೋಶದಲ್ಲಿಯೇ ಬರೆದನು. ಸರಿಯಾದದ್ದು ನಾಲ್ಕರಲ್ಲಿ ಮೂರು. ಒಂದು ರೂಪಾಯಿಯ ನಾಣ್ಯವನ್ನೂ ಐದು ರೂಪಾಯಿಯ ನಾಣ್ಯವನ್ನೂ ಮಗುವಿನ ಕೈಗೆ ಕೊಡಿ. ಒಂದರಲ್ಲಿ ಶಿರ, ಐದರಲ್ಲಿ ಪುಚ್ಛ. ಒಂದರಲ್ಲಿ ಪುಚ್ಛ, ಐದರಲ್ಲಿ ಶಿರ—ಇವು ಬೇರೆ ಬೇರೆಯೆಂದು ಕಣ್ಣಿಗೇ ಕಾಣುತ್ತದೆ. ಬಗೆಗಳು ಮೂರಲ್ಲ, ನಾಲ್ಕು.

ಇಂಥ ಎಣಿಕೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಷಡ್ರಸಗಳನ್ನು ಎಷ್ಟು ಬಗೆಯಾಗಿ ಬೆರೆಸಬಹುದೆಂದು ಕೇಳಿದನು. ಎರಡೆರಡಾಗಿ ಬೆರೆಸಿದರೆ 15 ಬಗೆ. ಒಂದರಿಂದ ಆರರವರೆಗೆ ಎಲ್ಲವೂ ಸೇರಿ 63. ಅಡುಗೆಮನೆಯ ರುಚಿಯಿಂದಲೇ ಪಾಠ ಹುಟ್ಟಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹತ್ತನೆಯ ತರಗತಿಯ ಹೊಸ್ತಿಲಲ್ಲಿ ‘ನನಗೆ ಗಣಿತ ಬಾರದು’ ಎಂದು ಮಗುವೊಂದು ನಿಶ್ಚಯಿಸಿಕೊಂಡರೆ ಅದರ ಮುಂದೆ ಎಷ್ಟೋ ಬಾಗಿಲುಗಳು ಮುಚ್ಚಿಹೋಗುತ್ತವೆ. ಸೂತ್ರವನ್ನು ಬಾಯಿಪಾಠ ಮಾಡಿಸಿ ಅಂಕ ಗಳಿಸಿಕೊಟ್ಟರೂ ಆ ಭಯ ಉಳಿಯುತ್ತದೆ. ಬೆಳೆದ ಮೇಲೆ ಸರಾಸರಿಯ ಮಾತಿಗೂ ಜೂಜಿನ ಆಸೆಗೂ ಅಂಥವನು ಸುಲಭವಾಗಿ ಮರುಳಾಗುತ್ತಾನೆ. ಆದ್ದರಿಂದ ಸೀಮೆಸುಣ್ಣವು ಶಿಷ್ಯನ ಕೈಯಲ್ಲಿರಲಿ. ತಪ್ಪಿದಾಗ ‘ಹೀಗೆ ಏಕೆ ಎಣಿಸಿದೆ, ಮಗು?’ ಎಂದು ಕೇಳಿ, ಅವನು ತನ್ನ ಮನೆಮಾತಿನಲ್ಲಿಯೇ ಹೇಳಿ ಮುಗಿಸುವವರೆಗೆ ಕಾಯುವ ತಾಳ್ಮೆ ಗುರುವಿಗಿರಲಿ. ಹೇಳುತ್ತ ಹೇಳುತ್ತ ತನ್ನ ತಪ್ಪನ್ನು ತಾನೇ ಕಂಡುಕೊಂಡ ವಿದ್ಯಾರ್ಥಿಗೆ ಮುಂದಿನ ಲೆಕ್ಕಕ್ಕೆ ಗುರುವಿನ ಹಂಗು ಬೇಕಾಗುವುದಿಲ್ಲ.