ಗಿಟಾರು ಕೂಗಿದಾಗ

(ಬಾನುಲಿ ಭಾಷಣ)

ಆಕಾಶವಾಣಿಯ ನೇರ ಫೋನ್-ಇನ್ ಕಾರ್ಯಕ್ರಮಗಳನ್ನು ನೀವು ಕೇಳಿಯೇ ಇರುತ್ತೀರಿ. ಯಾವುದೋ ಊರಿನಿಂದ ಒಬ್ಬರು ಕರೆ ಮಾಡುತ್ತಾರೆ. ಅವರು ತಮ್ಮ ಹೆಸರು ಹೇಳುವಷ್ಟರಲ್ಲಿ ಎಲ್ಲಿಂದಲೋ ಒಂದು ಸಿಳ್ಳು ಎದ್ದುಬರುತ್ತದೆ. ಕೂಡಲೆ ನಿರೂಪಕರು, "ದಯವಿಟ್ಟು ನಿಮ್ಮ ರೇಡಿಯೋದ ದನಿ ತಗ್ಗಿಸಿ" ಎನ್ನುತ್ತಾರೆ. ದನಿ ತಗ್ಗುತ್ತದೆ, ಸಿಳ್ಳು ಅಡಗುತ್ತದೆ, ಮಾತು ಮುಂದುವರಿಯುತ್ತದೆ. ಆ ಸಿಳ್ಳಿನ ವಿಚಾರವನ್ನೇ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಇಂಗ್ಲಿಷಿನಲ್ಲಿ ಅದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ನಮ್ಮ ಹುಣಸೂರು ಸೀಮೆಯಲ್ಲಿ ಜನ ಸರಳವಾಗಿ 'ಮೈಕು ಕೂಗುತ್ತೆ' ಎನ್ನುತ್ತಾರೆ. ಈ ಮಾತೇ ನನಗೆ ಹೆಚ್ಚು ಹಿಡಿಸುತ್ತದೆ.

ಕೆಲವು ವರ್ಷಗಳ ಹಿಂದೆ ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಣ ಒಂದು ಹಳ್ಳಿಯಲ್ಲಿ ಗಣಪತಿಯನ್ನು ಬಿಡುವ ದಿನ ರಸಮಂಜರಿ ಏರ್ಪಾಡಾಗಿತ್ತು. ತಂಡದಲ್ಲಿ ವಿದ್ಯುತ್ ಗಿಟಾರು ನುಡಿಸುತ್ತಿದ್ದವನು ಒಬ್ಬ ಹೊಗೆಸೊಪ್ಪಿನ ಬೆಳೆಗಾರರ ಮಗ. ನನ್ನ ಹಳೆಯ ವಿದ್ಯಾರ್ಥಿ. ಎರಡನೆಯ ಹಾಡಿಗೇ ಅವನ ವಾದ್ಯ ಕೂಗತೊಡಗಿತು. ಮೊದಲು ಗುಂಯ್ ಎಂದಿತು. ಆಮೇಲೆ ಕಿವಿ ಕೊರೆಯುವ ಹಾಗೆ ಕೀರಲಿಟ್ಟಿತು. ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ವೇದಿಕೆಯ ಪಕ್ಕದಿಂದ ಒಬ್ಬ ಹಿರಿಯರು, "ಅದೇನೋ ಅದು, ಕೆಳಗಿಳಿಸ್ರಪ್ಪ ಅವನ್ನ" ಎಂದು ಗದರಿದರು. ಹುಡುಗ ತನ್ನ ಅಪ್ಪನ ಎದುರಿನಲ್ಲೇ ವಾದ್ಯ ಕೆಳಗಿಟ್ಟು ಇಳಿದುಹೋದ. ಮರುದಿನ ಬೆಳಿಗ್ಗೆ ಗಿಟಾರು, ಆಂಪ್ಲಿಫೈಯರು ಎರಡನ್ನೂ ಹೊತ್ತುಕೊಂಡು ನನ್ನ ಮನೆಗೆ ಬಂದ. "ಮೇಷ್ಟ್ರೆ, ನಾನೇನೂ ತಪ್ಪು ನುಡಿಸ್ಲಿಲ್ಲ. ತಂತಿ ಮೇಲೆ ಕೈಯೇ ಇಟ್ಟಿರ್ಲಿಲ್ಲ, ಅದೇ ಕೂಗ್ಕೊಳ್ತು. ಇದನ್ನ ಮಾರ್ಬಿಡ್ತೀನಿ" ಎಂದ.

ಅವನು ಹೇಳಿದ್ದು ನಿಜವೇ ಆಗಿತ್ತು. ಅದು ಹೇಗೆಂಬುದನ್ನು ಮೊದಲು ನೋಡೋಣ.

ವಿದ್ಯುತ್ ಗಿಟಾರಿನ ತಂತಿಗಳ ಅಡಿಯಲ್ಲಿ ಅಯಸ್ಕಾಂತವೂ ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರು ಅದನ್ನು ಬಲಪಡಿಸಿ ಸ್ಪೀಕರಿಗೆ ಕೊಡುತ್ತದೆ. ಸ್ಪೀಕರು ಅದನ್ನು ಶಬ್ದವಾಗಿಸುತ್ತದೆ. ಶಬ್ದವೆಂದರೆ ಗಾಳಿಯ ಅಲುಗಾಟ. ಆ ಅಲುಗಾಟ ಸಭಿಕರ ಕಿವಿಯನ್ನು ತಲುಪುವಂತೆಯೇ ಗಿಟಾರಿನ ಮೈಯನ್ನೂ ತಂತಿಗಳನ್ನೂ ಬಂದು ತಟ್ಟುತ್ತದೆ. ತಂತಿ ಮತ್ತೆ ಕಂಪಿಸುತ್ತದೆ. ಆ ಕಂಪನ ಮತ್ತೆ ಆಂಪ್ಲಿಫೈಯರಿಗೆ ಹೋಗುತ್ತದೆ. ಹೀಗೆ ಒಂದು ಸುತ್ತು ಪೂರ್ಣವಾಗುತ್ತದೆ.

ಒಂದು ಸುತ್ತಿನಲ್ಲಿ ಹೊರಟ ಶಬ್ದದ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ ಹಿಂದಿರುಗಿದರೆ ಅದು ಕ್ರಮೇಣ ಕರಗಿ ಹೋಗುತ್ತದೆ. ಹತ್ತಕ್ಕೆ ಹನ್ನೊಂದು ಹಿಂದಿರುಗಿದರೋ, ಪ್ರತಿ ಸುತ್ತಿಗೂ ಬೆಳೆಯುತ್ತದೆ. ಇದು ಚಕ್ರಬಡ್ಡಿಯ ಲೆಕ್ಕ. ಸಾಲ ಮಾಡಿ ಬೇಸಾಯ ಮಾಡುವ ನಮ್ಮ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಸ್ಪೀಕರಿಗೂ ಗಿಟಾರಿಗೂ 3.4 ಮೀಟರು ದೂರವಿದ್ದರೆ ಒಂದು ಸುತ್ತಿಗೆ ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಇಪ್ಪತ್ತೈದು ಸುತ್ತಿಗೆ, ಎಂದರೆ ಕಾಲು ಸೆಕೆಂಡಿಗೆ, ಅದು ಹತ್ತು ಪಟ್ಟಾಗಿರುತ್ತದೆ. ಆಂಪ್ಲಿಫೈಯರಿನ ಶಕ್ತಿ ಮುಗಿಯುವವರೆಗೆ ಈ ಬೆಳವಣಿಗೆ ನಿಲ್ಲದು. ಎಲ್ಲ ಸ್ವರಗಳೂ ಹೀಗೆ ಬೆಳೆಯುವುದಿಲ್ಲ. ಹಿಂದಿರುಗಿ ಬರುವಾಗ ಯಾವುದರ ಹೆಜ್ಜೆ ಹೊರಟ ಅಲೆಯ ಹೆಜ್ಜೆಯೊಡನೆ ಕೂಡುತ್ತದೆಯೋ ಆ ಸ್ವರ ಮಾತ್ರ ಬೆಳೆಯುತ್ತದೆ. ಆದುದರಿಂದಲೇ ವಾದಕ ಒಂದು ಹೆಜ್ಜೆ ಸರಿದರೆ ಕೂಗಿನ ಶ್ರುತಿ ಬದಲಾಗುತ್ತದೆ, ಕೆಲವು ಸಲ ಕೂಗೇ ಅಡಗುತ್ತದೆ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಇದನ್ನು ವಿವರಿಸಿದರೆಂದು ಯೂರೋಪಿನಲ್ಲಿ ಇದಕ್ಕೆ ಲಾರ್ಸೆನ್ ಪರಿಣಾಮವೆಂಬ ಹೆಸರೂ ಉಂಟು.

ಇನ್ನು ಪರೀಕ್ಷೆಗೆ ಬರೋಣ. ರೋಗ ತಿಳಿಯದೆ ಔಷಧ ಕೊಡಬಾರದಷ್ಟೆ. ಗಿಟಾರಿನ ಎಲ್ಲ ಅಪಸ್ವರವೂ ಒಂದೇ ಜಾತಿಯದಲ್ಲ. ನಾನು ಆ ಹುಡುಗನಿಗೆ ಹೇಳಿದ ಕ್ರಮ ಇದು: ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ ಮೇಲೆ ಕೇಳು, ಕೇಳಿದ್ದನ್ನು ಬರೆದುಕೊ.

ಮೊದಲನೆಯದು, ಕೂಗುತ್ತಿರುವಾಗಲೇ ಎಲ್ಲ ತಂತಿಗಳನ್ನೂ ಅಂಗೈಯಿಂದ ಅದುಮಿ ಹಿಡಿಯುವುದು. ಕೂಗು ನಿಂತರೆ ತಪ್ಪು ತಂತಿಯ ಮೂಲಕ ನಡೆದಿದೆ ಎಂದರ್ಥ. ನಿಲ್ಲದೆ ಎತ್ತರದ ಕೀರಲು ಮುಂದುವರಿದರೆ ಅನುಮಾನ ಪಿಕಪ್ಪಿನ ಮೇಲೆ ಬೀಳಬೇಕು. ಸುರುಳಿಯ ಸುತ್ತುಗಳು ಸಡಿಲವಾಗಿದ್ದರೆ ಅವೇ ಶಬ್ದಕ್ಕೆ ಅಲುಗಿ ಮೈಕಿನಂತೆ ವರ್ತಿಸುತ್ತವೆ. ಎರಡನೆಯದು, ಗಿಟಾರಿನ ಮೇಲಿರುವ ವಾಲ್ಯೂಮನ್ನು ಪೂರ್ತಿ ಇಳಿಸುವುದು. ಆಗಲೂ ಕೂಗಿದರೆ ಗಿಟಾರು ನಿರಪರಾಧಿ. ತಪ್ಪು ಅದರ ಆಚೆ ಇದೆ. ಮೂರನೆಯದು, ನಡುವೆ ಜೋಡಿಸಿದ ಪೆಡಲುಗಳನ್ನು ಒಂದೊಂದಾಗಿ ಬಿಡಿಸುವುದು. ಸ್ವರವನ್ನು ಒರಟುಗೊಳಿಸುವ ಪೆಡಲುಗಳು ಸಣ್ಣ ಸದ್ದನ್ನೂ ಬಹುವಾಗಿ ಹೆಚ್ಚಿಸುತ್ತವೆ. ನಾಲ್ಕನೆಯದು, ಹಾಡುವವರ ಮೈಕನ್ನು ಮುಚ್ಚಿಸಿ ನೋಡುವುದು. ಗಿಟಾರಿನ ಸ್ಪೀಕರಿನ ಮುಂದೆ ತೆರೆದ ಮೈಕು ನಿಂತಿದ್ದರೆ ಅದು ಗಿಟಾರನ್ನು ಕೇಳಿ ಊರಿಗೆಲ್ಲ ಸಾರುತ್ತದೆ. ಬೈಗುಳ ಮಾತ್ರ ಗಿಟಾರಿನವನಿಗೆ.

ಸಣ್ಣಗೆ ಒಂದೇ ಸಮನೆ ಗುಂಯ್‌ಗುಟ್ಟುವ ಸದ್ದು ಬೇರೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು. ಗುಂಯ್‌ಕಾರವೂ 50 ಅಥವಾ 100 ಆವರ್ತನೆಯದಾಗಿರುತ್ತದೆ. ಅದು ತಾನಾಗಿ ಬೆಳೆಯುವುದಿಲ್ಲ. ಗಿಟಾರನ್ನು ಹಿಡಿದು ನಿಂತಲ್ಲೇ ತಿರುಗಿದರೆ ಹೆಚ್ಚುಕಡಿಮೆಯಾಗುತ್ತದೆ. ಒಂದಕ್ಕೊಂದು ವಿರುದ್ಧವಾದ ಎರಡು ಸುರುಳಿಗಳ ಪಿಕಪ್ಪಿನಲ್ಲಿ ಇದು ಬಹುಮಟ್ಟಿಗೆ ಅಡಗುತ್ತದೆ. ಗಿಬ್ಸನ್ ಕಂಪೆನಿಯ ಸೆತ್ ಲವರ್ 1955ರಲ್ಲಿ ಇಂಥದನ್ನು ರೂಪಿಸಿದರು. ಕೂಗನ್ನೂ ಗುಂಯ್‌ಕಾರವನ್ನೂ ಒಂದೇ ಎಂದು ತಿಳಿಯುವುದು ಅಪಾಯಕ್ಕೆ ದಾರಿ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಪರೀಕ್ಷೆಯಲ್ಲಿ ಸಿಕ್ಕಿದ್ದು ಎರಡು ದೋಷ. ಅವನ ಗಿಟಾರು ಒಳಗೆ ಟೊಳ್ಳಾದದ್ದು. ವೀಣೆಯ ಕೊಡದಂತೆ ಟೊಳ್ಳು ಮೈ ತನ್ನ ಸ್ವಂತ ಸ್ವರಕ್ಕೆ ಬೇಗ ಸ್ಪಂದಿಸುತ್ತದೆ. ಅಂದಿನ ವೇದಿಕೆ ಚಿಕ್ಕದು. ಅವನು ತನ್ನ ಸ್ಪೀಕರಿಗೆ ಎರಡಡಿ ದೂರದಲ್ಲಿ, ವಾದ್ಯವನ್ನು ಅದರ ಮುಖಕ್ಕೇ ಒಡ್ಡಿ ನಿಂತಿದ್ದ. ಎರಡನೆಯದಾಗಿ, ಪಿಕಪ್ಪಿನ ಸುರುಳಿ ಸಡಿಲವಾಗಿತ್ತು. ಮೊದಲನೆಯದಕ್ಕೆ ಕಾಸು ಖರ್ಚಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದದ ಒತ್ತಡ ಅರ್ಧಕ್ಕಿಳಿಯುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 6 ಕಡಿಮೆ. ಸ್ಪೀಕರನ್ನು ಪಕ್ಕಕ್ಕೆ ತಿರುಗಿಸುವುದು, ತಾನು ಅದರ ನೇರದಿಂದ ಸರಿಯುವುದು, ಅತಿಯಾಗಿ ಏರಿಸಿದ ಗೇನನ್ನು ಇಳಿಸುವುದು, ಕೂಗುವ ಸ್ವರವಿರುವ ಮಂದ್ರ ಅಥವಾ ತಾರ ಭಾಗವನ್ನು ತುಸು ತಗ್ಗಿಸುವುದು, ಇಷ್ಟರಿಂದಲೇ ಮುಕ್ಕಾಲು ಪಾಲು ಕೂಗು ಹೋಗುತ್ತದೆ. ಸುರುಳಿಗೆ ಮೇಣದ ಉಪಚಾರ ಮಾಡಬೇಕು. ಪ್ಯಾರಾಫಿನ್ ಮೇಣಕ್ಕೆ ಸ್ವಲ್ಪ ಜೇನುಮೇಣ ಬೆರೆಸಿ, ಬಿಸಿನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಗುಳ್ಳೆ ನಿಲ್ಲುವವರೆಗೆ ಪಿಕಪ್ಪನ್ನು ಅದ್ದಿಡುವುದು. ಮೇಣ ಹೊತ್ತಿಕೊಳ್ಳುವ ವಸ್ತು. ಬೆಂಕಿಯ ಮೇಲೆ ನೇರವಾಗಿ ಇಡಬಾರದು. ಶಾಖ ಹೆಚ್ಚಾದರೆ ಸುರುಳಿಯ ಚೌಕಟ್ಟೂ ಕೆಡುತ್ತದೆ. ಜೇನುಕುರುಬರ ನಾಡಾದ ಹೆಗ್ಗಡದೇವನಕೋಟೆ ಪಕ್ಕದಲ್ಲೇ ಇರುವಾಗ ನಮಗೆ ಜೇನುಮೇಣಕ್ಕೆ ಬರವಾಗಲಿಲ್ಲ.

ಆದರೆ ಶ್ರೋತೃಗಳೆ, ಅಂದು ನನ್ನನ್ನು ಬೆಚ್ಚಿಬೀಳಿಸಿದ್ದು ಇವೆರಡೂ ಅಲ್ಲ. ಮಾತಿನ ನಡುವೆ ಹುಡುಗ, "ಹಾಡೋಕೆ ಮೈಕಿಗೆ ಬಾಯಿ ಕೊಟ್ರೆ ತುಟಿ ಜುಮ್ ಅಂತಿತ್ತು ಮೇಷ್ಟ್ರೆ" ಎಂದ. ನಾನು ಆಂಪ್ಲಿಫೈಯರಿನ ಪ್ಲಗ್ಗನ್ನು ತಿರುಗಿಸಿ ನೋಡಿದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನನ್ನು, ಎಂದರೆ ಭೂಸಂಪರ್ಕದ ಪಿನ್ನನ್ನು, ಕತ್ತರಿಸಿ ಹಾಕಲಾಗಿತ್ತು. 'ಹೀಗೆ ಮಾಡಿದರೆ ಗುಂಯ್‌ಕಾರ ಹೋಗುತ್ತದೆ' ಎಂದು ಯಾರೋ ಹೇಳಿಕೊಟ್ಟಿದ್ದರಂತೆ. ಪ್ಲಗ್ಗು ಹಾಕಿ, ಹುಡುಗನನ್ನು ದೂರ ನಿಲ್ಲಿಸಿ, ಗಿಟಾರಿನ ತಂತಿಗೆ ಟೆಸ್ಟರ್ ಮುಟ್ಟಿಸಿದೆ. ಅದರ ದೀಪ ಹೊತ್ತಿಕೊಂಡಿತು.

ಇದರ ಅರ್ಥವನ್ನು ಬಿಡಿಸಿ ಹೇಳಬೇಕು. ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಲೋಹದ ಮೈಗೆ ಸೇರಿರುತ್ತವೆ; ಆ ಮೈ ಭೂಮಿಗೆ ಸೇರಿರಬೇಕು. ಭೂಸಂಪರ್ಕವನ್ನು ಕತ್ತರಿಸಿದರೆ ಒಳಗೆ ಸೋರಿದ ವಿದ್ಯುತ್ತು ತಂತಿಯಲ್ಲಿ ಕಾದು ನಿಲ್ಲುತ್ತದೆ. ವಾದಕನ ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಮೈಕು ಬೇರೊಂದು ಯಂತ್ರದ ಮೂಲಕ ಭೂಮಿಗೆ ಸೇರಿದೆ. ವಿದ್ಯುತ್ತಿಗೆ ದಾರಿಯಾಗುವುದು ಅವನ ಎದೆ. ಸೋರಿಕೆ ಅಲ್ಪವಾಗಿದ್ದರೆ ತುಟಿ ಜುಮ್ಮೆನ್ನುತ್ತದೆ. ಒಳಗಣ ಹೊದಿಕೆಯೊಂದು ಹರಿದ ದಿನ ಪ್ರಾಣ ಹೋಗುತ್ತದೆ. ಇದು ಬರಿಯ ಹೆದರಿಕೆಯ ಮಾತಲ್ಲ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸೀ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರು ವಾದಕ ವೇದಿಕೆಯ ಮೇಲೆಯೇ ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ಸತ್ತರು. ನಮ್ಮ ಹಳ್ಳಿಗಳಲ್ಲಿ ಮಳೆಗಾಲದ ಹಸಿ ನೆಲ, ಎಲ್ಲಿಂದಲೋ ಎಳೆದ ವಯರು, ಒಮ್ಮೆ ಕಂಬದ ಕರೆಂಟು ಒಮ್ಮೆ ಜನರೇಟರು. ಗುಂಯ್‌ಕಾರ ಎಷ್ಟೇ ಇರಲಿ, ಭೂಸಂಪರ್ಕವನ್ನು ಕತ್ತರಿಸಬೇಡಿ. ಗಿಟಾರಿನ ಆಂಪ್ಲಿಫೈಯರು ಮತ್ತು ಮೈಕಿನ ಯಂತ್ರ ಎರಡಕ್ಕೂ ಒಂದೇ ಕಡೆಯಿಂದ ವಿದ್ಯುತ್ತು ಕೊಟ್ಟರೆ ಗುಂಯ್‌ಕಾರ ಬಹುಪಾಲು ಕಡಿಮೆಯಾಗುತ್ತದೆ. ಸೋರಿಕೆಯಾದ ಕೂಡಲೆ ಕರೆಂಟು ಕಡಿದುಹಾಕುವ ಆರ್‌ಸಿಸಿಬಿ ಸ್ವಿಚ್ಚನ್ನು ವೇದಿಕೆಗೊಂದು ಹಾಕಿಸುವ ಖರ್ಚು ಗಣಪತಿಯ ಹೂವಿನ ಅಲಂಕಾರದ ಖರ್ಚಿಗಿಂತ ಹೆಚ್ಚಾಗಲಾರದು. ತುಟಿ ಜುಮ್ಮೆಂದರೆ ಆ ಕ್ಷಣವೇ ನಿಲ್ಲಿಸಿ. ಹಾಡು ಇನ್ನೊಂದು ದಿನ ಹಾಡಬಹುದು.

ಗಿಟಾರಿಲ್ಲದ ಊರುಗಳಿಗೂ ಈ ಮಾತು ಅನ್ವಯಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ರಂಗದ ಮೇಲೆ ನಾಲ್ಕಾರು ಮೈಕುಗಳನ್ನು ಇಳಿಬಿಡುತ್ತಾರೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದಪದ್ಯ ಕಲಿತ ರೈತ ಆ ಒಂದು ರಾತ್ರಿ ದುರ್ಯೋಧನನಾಗಿ ಬಾಯಿ ತೆರೆಯುವಾಗ ಮೈಕು ಕೂಗಿ ಪದ್ಯವನ್ನು ನುಂಗುತ್ತದೆ. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕೂಗಿಲ್ಲದೆ ಏರಿಸಬಹುದಾದ ದನಿ 3 ಡೆಸಿಬೆಲ್ ಇಳಿಯುತ್ತದೆ. ಆದುದರಿಂದ ಮಾತಿಲ್ಲದ ಕಡೆಯ ಮೈಕನ್ನು ಮುಚ್ಚಿ. ಹಾರ್ನುಗಳನ್ನು ಮೈಕಿಗಿಂತ ಮುಂದೆ, ಜನರ ಕಡೆಗೆ ಮುಖಮಾಡಿ ಕಟ್ಟಿ. ಪಾತ್ರಧಾರಿ ಮೈಕಿಗೆ ಹತ್ತಿರ ಬರಲಿ. ಇನ್ನೊಂದು ಮಾತು: ಮೈಕು ಕೂಗಿದೊಡನೆ ಭಾಷಣಕಾರರು ಅದರ ತಲೆಯನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಮುಂದಿನ ಶಬ್ದವನ್ನು ಮಾತ್ರ ಕೇಳುವಂತೆ ಮಾಡಿದ ಮೈಕುಗಳಿಗೆ ಹಿಂಬದಿಯಲ್ಲಿ ಕಿಂಡಿಗಳಿರುತ್ತವೆ. ಅವನ್ನು ಮುಚ್ಚಿದರೆ ಅದು ಎಲ್ಲ ದಿಕ್ಕಿನಿಂದಲೂ ಕೇಳತೊಡಗಿ ಕೂಗು ಇನ್ನೂ ಹೆಚ್ಚುತ್ತದೆ.

ಕೂಗು ಯಾವಾಗಲೂ ಶತ್ರುವೇನಲ್ಲ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸುವುದಕ್ಕೆ ಎರಡು ದಶಕ ಮೊದಲೇ, 1914ರಲ್ಲಿ, ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಇದೇ ತತ್ತ್ವದಿಂದ ಕ್ಷೀಣವಾದ ರೇಡಿಯೋ ಅಲೆಗಳನ್ನು ಬಲಪಡಿಸುವ ಮಂಡಲಕ್ಕೆ ಪೇಟೆಂಟ್ ಪಡೆದಿದ್ದರು. ಕೂಗಲು ಒಂದು ಕೂದಲೆಳೆಯಷ್ಟು ಮೊದಲು ತಿರುಗಣೆಯನ್ನು ನಿಲ್ಲಿಸುವುದೇ ಆ ರೇಡಿಯೋ ಬಳಸುವವರ ಜಾಣತನವಾಗಿತ್ತು. 1964ರಲ್ಲಿ ಬೀಟಲ್ಸ್ ತಂಡದವರು ಗಿಟಾರಿನ ಕೂಗನ್ನೇ ಒಂದು ಹಾಡಿನ ಆರಂಭಕ್ಕೆ ಇಟ್ಟರು. 1969ರಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ತಮ್ಮ ರಾಷ್ಟ್ರಗೀತೆಯನ್ನು ನುಡಿಸುತ್ತ ಅದರೊಳಗೆ ಈ ಕೂಗನ್ನು ಬೇಕೆಂದಲ್ಲಿ ಎಬ್ಬಿಸಿ ಬೇಕೆಂದಲ್ಲಿ ಅಡಗಿಸಿದರು. ಅದು ಎಲ್ಲಿಂದ ಹುಟ್ಟುತ್ತದೆ ಎಂದು ಬಲ್ಲವನ ಕೈಯಲ್ಲಿ ಅದೂ ಒಂದು ಸ್ವರ.

ಹುಡುಗ ಗಿಟಾರನ್ನು ಮಾರಲಿಲ್ಲ. ಹೊಸ ಪ್ಲಗ್ಗು ಹಾಕಿಸಿದ. ಪಿಕಪ್ಪಿಗೆ ಮೇಣ ಕುಡಿಸಿದ. ವೇದಿಕೆ ಹತ್ತುವ ಮುನ್ನ ಟೆಸ್ಟರ್ ಹಿಡಿದು ತನ್ನ ತಂತಿಯನ್ನೂ ಹಾಡುವವರ ಮೈಕನ್ನೂ ಮುಟ್ಟಿ ನೋಡುವುದನ್ನು ರೂಢಿ ಮಾಡಿಕೊಂಡ. ಮರುವರ್ಷ ಅದೇ ಊರಿನಲ್ಲಿ ನುಡಿಸಿದ. ಹಿಂದಿನ ವರ್ಷ ಗದರಿದ್ದ ಹಿರಿಯರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅವರು, "ಈ ಸಲ ಬೇರೆ ವಾದ್ಯ ತಂದಿದ್ದೀಯೇನಪ್ಪ?" ಎಂದು ಕೇಳಿದರಂತೆ. "ಇಲ್ಲ ತಾತ, ಅದೇ" ಎಂದನಂತೆ ಇವನು.